ನಾಗವೇಣಿಯ ಬಾಯಿಗೆ ಬಾರದ ತುರಿಕೆ

ತಮಿಳುನಾಡಿನ ಗಡಿಯ ಸಾನಮಾವು ಹಳ್ಳಿಯ ನಾಗವೇಣಿ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಗಂಟಲು ನೋವಿಗೆಂದು ಆಂಟಿಬಯಾಟಿಕ್ ಮಾತ್ರೆ ನುಂಗಿದ ಮೇಲೆ ಅವಳಿಗೆ ಕೆಳಗೆ ತಡೆಯಲಾರದ ತುರಿಕೆ ಹತ್ತಿತು. ಒಡೆದ ಹಾಲಿನಂಥ ಬಿಳಿ ಸ್ರಾವ ಹೋಗತೊಡಗಿತು. ಉಚ್ಚೆ ಹೊಯ್ದರೆ ಉರಿ. ಗಲೀಜಿನಿಂದ ಹೀಗಾಯಿತೆಂದುಕೊಂಡು ಗಾಯ ತೊಳೆಯುವ ಔಷಧಿ ಹಾಕಿ ತೊಳೆದಳು. ಉರಿ ಹೆಚ್ಚಾದಷ್ಟೂ ಇನ್ನಷ್ಟು ತೊಳೆದಳು.

ಗಂಡ ಕೆಂಪರಾಜು ಹತ್ತಿರ ಬಂದಾಗ ನೋವಿಗೆ ಹೆದರಿ ದೂರ ಸರಿದಳು.

"ಯಾರ್ ತಾವ ಹತ್ತಿಸ್ಕೊಂಡ್ ಬಂದೆ?" ಎಂದು ಕೇಳಿ ಅವನು ಜಗಲಿಗೆ ಹೋಗಿ ಮಲಗಿದ.

ಆ ಮಾತು ಅವಳ ಎದೆಗೆ ಇರಿಯಿತು. ದೊಡ್ಡ ರೋಗವೇ ಇರಬೇಕೆಂದು ಹೆದರಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದನ್ನೂ ಬಿಟ್ಟಳು. ಬದುಕೇ ಬೇಡವೆನಿಸಿತು.

ಕೊನೆಗೆ ಬಸ್ಸಿನಲ್ಲಿ ಕೂರಲೂ ಆಗದಂತಾದಾಗ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ತಮಿಳಿನಲ್ಲಿ ಏನಾಯಿತೆಂದು ಕೇಳಿದರು. ತಮಿಳು, ತೆಲುಗು, ಕನ್ನಡ ಮೂರೂ ಬಲ್ಲ ನಾಗವೇಣಿಗೆ ಯಾವುದರಲ್ಲೂ ಮಾತು ಹೊರಡಲಿಲ್ಲ. ಅತ್ತುಬಿಟ್ಟಳು. ಆಮೇಲೆ ಗಂಟಲಿನ ಮಾತ್ರೆ, ತೊಳೆದ ಔಷಧಿ, ಗಂಡನ ಮಾತು ಎಲ್ಲವನ್ನೂ ಅಳುತ್ತಲೇ ಕನ್ನಡದಲ್ಲಿ ಹೇಳಿಕೊಂಡಳು.

ಪರೀಕ್ಷಿಸಿದ ಡಾಕ್ಟರಮ್ಮ ಕನ್ನಡದಲ್ಲೇ ಹೇಳಿದರು: "ಇದು ಫಂಗಸ್ ಕಣಮ್ಮ. ಮೈಯಲ್ಲಿ ಇರೋದೇ, ಆ ಮಾತ್ರೆಯಿಂದ ಹೆಚ್ಚಾಗಿದೆ. ಯಾರಿಂದ್ಲೂ ಹತ್ತಿದ್ದಲ್ಲ. ಈ ಮಾತ್ರೆನ ಮಲಗೋವಾಗ ಒಳಗಡೆ ಇಟ್ಕೊ. ಔಷಧಿ ಹಾಕಿ ತೊಳೀಬೇಡ, ಬರೀ ನೀರು ಸಾಕು. ಮತ್ತೆ ಮತ್ತೆ ಬಂದ್ರೆ ಸಕ್ಕರೆ ಕಾಯಿಲೆ ಇದ್ಯಾ ನೋಡ್ಬೇಕು."

"ಇದ್ನ ನಮ್ಮನೆಯವ್ರಿಗೆ ನೀವೇ ಹೇಳಿ ಮೇಡಂ, ನಾನ್ ಹೇಳುದ್ರೆ ನಂಬಾಕಿಲ್ಲ," ಎಂದು ಅವಳು ಕೈಮುಗಿದಳು.

ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದಕ್ಕೆಲ್ಲ ಕೆಂಪರಾಜು ಹೂಂಗುಟ್ಟಿದ.

ವಾರದೊಳಗೆ ತುರಿಕೆ ನಿಂತಿತು. "ಏನೋ ಅಂದ್ಬುಟ್ಟೆ, ಮರ್ತ್‌ಬುಡು," ಎಂದ ಕೆಂಪರಾಜು. ನಾಗವೇಣಿ ಮಗಳನ್ನು ತೊಡೆಯಿಂದ ಇಳಿಸಿ ಪಾಳಿಗೆ ಹೊರಟಳು.