ಸಾಲ್ಮೆಕ್ಕನ ಮೊಳೆ

ನಾಟಕಶಾಲೆಯಲ್ಲಿ ಕೆಲಸ ಸಿಕ್ಕಿದ ದಿನದಿಂದ ಅಮ್ಮ ನನ್ನನ್ನು ಅಕ್ಕಪಕ್ಕದವರ ಮುಂದೆ ಕಲಾವಿದ ಎನ್ನುತ್ತಾಳೆ. ನಾನು ದೀಪ ಹಾಕುವವನು, ಕೆಲವೊಮ್ಮೆ ತಪ್ಪು ದೀಪ. ಉಡುಪಿನ ಕೋಣೆಯ ಸಾಲ್ಮೆಕ್ಕ ಮಾತ್ರ ಸರಿಯಾದ ಹೆಸರಿಟ್ಟಿದ್ದಳು: ಸ್ವಿಚ್ಚು.

ಎಸ್ಟೋನಿಯಾದ ನಮ್ಮ ಊರಿನಲ್ಲಿ ನಾಟಕಶಾಲೆಯೆಂದರೆ ಒಂದು ಮನೆ. ನಟರಿಗೆ ತಿಂಗಳ ಸಂಬಳ, ದಿನಕ್ಕೊಂದು ನಾಟಕ. ಇವತ್ತಿನ ರಾಜ ನಾಳೆ ಅಂಚೆಯವನು, ಮುಂದಿನ ವಾರ ಮತ್ತೆ ರಾಜ. ಹಾಗಾಗಿ ಕಿರೀಟ ತನ್ನ ಮೊಳೆಯಲ್ಲೇ ಇರಬೇಕು. ಆ ಮೊಳೆಗಳನ್ನೆಲ್ಲ ಹೊಡೆದವಳು ಸಾಲ್ಮೆಕ್ಕ. ಮದುವೆಯಾದ ವರ್ಷ ಕೆಲಸಕ್ಕೆ ಸೇರಿದವಳು, ಗಂಡ ತೀರಿಕೊಂಡ ಮೇಲೂ ಅಲ್ಲೇ ಇದ್ದಳು. ತಪ್ಪು ಬಟ್ಟೆಯಲ್ಲಿ ಒಬ್ಬರನ್ನೂ ರಂಗಕ್ಕೆ ಬಿಟ್ಟವಳಲ್ಲ. ಅವಳಿಗಿದ್ದ ಜಂಬ ಅದೊಂದೇ.

ಕಳೆದ ಶರತ್ಕಾಲದಲ್ಲಿ ನಾವು ಹಾಲೆಂಡಿನ ಒಂದು ತಂಡದ ಜೊತೆ ಕಟ್ಟಿದ ನಾಟಕ ಅಲ್ಲಿ ಊರೂರು ಸುತ್ತಿತು. ಅಲ್ಲಿ ನಾಟಕಶಾಲೆ ಊರಿನದು, ತಂಡದ ಪಾಲಿಗೆ ಲಾರಿ ಮಾತ್ರ. ಲಾರಿ ಓಡಿಸುವ ವೀಬೆಯನ್ನು ನಾನು ದಾರಿಯುದ್ದಕ್ಕೂ ಪ್ರಶ್ನೆ ಕೇಳಿ ಸುಸ್ತು ಮಾಡಿದೆ.

"ಹಾಗಾದ್ರೆ ಆ ಕಟ್ಟಡಗಳಲ್ಲಿ ನಟರೇ ಇರಲ್ವಾ?"

"ಇರ್ತಾರೆ. ದಿನಾ ಬೇರೆಯವರು."

"ಡೆನ್ಮಾರ್ಕಲ್ಲಿ?"

"ನಾನು ಹೋದ ಕಡೆಯೆಲ್ಲಾ ನಾಟಕಕ್ಕೆ ತಕ್ಕ ಹಾಗೆ ನಟರನ್ನ ಕರೆಸ್ತಿದ್ರು. ನಾಟಕ ಮುಗೀತು, ನಟ ಮನೆಗೆ."

"ಸ್ಲೊವೇನಿಯಾದಲ್ಲಿ?"

"ಅಲ್ಲಿ ನಿಮ್ಮ ಹಾಗೇ, ಸಂಬಳದವರು. ನಿಂಗೆ ನಿದ್ದೆ ಅನ್ನೋದೇ ಬರಲ್ವೇನಪ್ಪ?"

ನಾನು ಇದನ್ನೆಲ್ಲ ನಮ್ಮ ಭಾಷೆಯಲ್ಲಿ ಹೇಳಿದಾಗ ಸಾಲ್ಮೆಕ್ಕ ಯೋಚನೆಗೆ ಬಿದ್ದಳು. "ಪಾಪ. ಇವರೆಲ್ಲ ತಮ್ಮ ಟೀ ಲೋಟ ಎಲ್ಲಿಡ್ತಾರೆ?"

ಜ್ವೊಲ್ಲೆ ಊರಿನಲ್ಲಿ ಬಣ್ಣದ ಕೋಣೆ ಸಿಕ್ಕಿದ್ದೇ ತಡ, ಅವಳು ಬಿಡಾರ ಹೂಡಿದಳು. ಮೇಜಿನಡಿ ಚಪ್ಪಲಿ, ಕಿಟಕಿಯಲ್ಲಿ ಕಪ್ಪು ಬ್ರೆಡ್ಡಿನ ಡಬ್ಬಿ. ಆಟ ಮುಗಿದ ಮೇಲೆ ನಾಯಕಿ ಪಿರೆತ್‌ಳ ಹಸಿರು ಉಡುಪನ್ನು ಒಗೆದು, ಹೀಟರಿನ ಮೇಲಿನ ಕೊಕ್ಕೆಗೆ ತೂಗುಹಾಕಿ, ಬಾಗಿಲೆಳೆದುಕೊಂಡು ಬಂದಳು. ನಮ್ಮೂರಿನಲ್ಲಿ ದಿನವೂ ಮಾಡುವುದು ಹಾಗೆಯೇ. ದೇಶದೇಶಗಳ ವ್ಯವಸ್ಥೆ ಕೇಳಿ ತಿಳಿದುಕೊಂಡಿದ್ದ ನಾನು ಅವಳ ಹಿಂದೆಯೇ ಹೋಗಿ ಆ ಕೋಣೆಯ ದೀಪ ಆರಿಸಿದೆ.

ಮರುದಿನ ಆಸ್ಸೆನ್ ಊರಿನಲ್ಲಿ ಪೆಟ್ಟಿಗೆ ತೆರೆದಾಗ ಉಡುಪಿರಲಿಲ್ಲ.

"ಸ್ವಿಚ್ಚು, ಹಸಿರುಡುಪು ಎಲ್ಲೋ?"

"ನೀನೇ ತೂಗುಹಾಕಿದ್ಯಲ್ಲಕ್ಕ."

"ಹೂಂ. ಅದರ ಜಾಗದಲ್ಲೇ." ಆಮೇಲೆ ಅವಳು ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. "ಇವತ್ತು ಅದು ಇನ್ಯಾರದೋ ಜಾಗ, ಅಲ್ವಾ?"

ವೀಬೆ ಫೋನ್ ಮಾಡಿ ಬಂದ. ಅವನ ಮುಖದಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. "ಸಿಕ್ಕಿದೆ. ಇವತ್ತು ಜ್ವೊಲ್ಲೆಯಲ್ಲಿರೋ ತಂಡ ನಾಳೆ ನಮ್ಮ ಮುಂದಿನ ಊರಲ್ಲಿ ಆಡತ್ತೆ. ನಾಳೆ ನಮಗೆ ರಜ, ನಾಳಿದ್ದು ನಾವು ಅಲ್ಲಿ. ಬಿಟ್ಟು ಹೋಗ್ತಾರೆ. ನಾವೆಲ್ಲ ಹೀಗೇ, ಒಬ್ಬರು ಮರೆತಿದ್ದನ್ನ ಇನ್ನೊಬ್ಬರು ಹೊತ್ಕೊಂಡು ತಿರುಗ್ತೀವಿ."

"ಇವತ್ತಿನ ಆಟಕ್ಕೆ?" ಎಂದಳು ಸಾಲ್ಮೆಕ್ಕ.

ಪರದೇಶವೆಂದು ಅವಳು ತನ್ನ ಒಳ್ಳೆಯ ಉಣ್ಣೆಯ ಉಡುಪು ತೊಟ್ಟು ಬಂದಿದ್ದಳು. ತಿಳಿ ಬೂದು ಬಣ್ಣದ್ದು.

"ಆ ಕಡೆ ತಿರುಗಿ ನಿಲ್ಲೋ, ಸ್ವಿಚ್ಚು."

ಸೊಂಟದ ಸುತ್ತ ಪಿನ್ನು ಚುಚ್ಚಿಸಿಕೊಂಡು ಪಿರೆತ್ ಅದನ್ನು ತೊಟ್ಟಳು. ಸಾಲ್ಮೆಕ್ಕ ವೀಬೆಯ ಪ್ಯಾಂಟು, ನನ್ನ ಜಾಕೆಟ್ಟು ಹಾಕಿಕೊಂಡು ಆಟದ ಹೊತ್ತಿಗೆ ದೀಪದ ಸ್ವಿಚ್ಚುಗಳ ಬಳಿ ನನ್ನ ಪಕ್ಕ ಕೂತಳು.

"ಹಸಿರು ದೀಪ ಇದ್ಯೇನೋ?"

"ಇದೆ."

"ಹಾಕು ಮತ್ತೆ."

ಹಾಕಿದೆ. ಉಡುಪು ಹಸಿರಾಯಿತು. ಪಿರೆತ್‌ಳ ಮುಖವೂ ಹಸಿರಾಯಿತು. ಜನ ಚಪ್ಪಾಳೆ ತಟ್ಟಿದರು. ಸಾಲ್ಮೆಕ್ಕ ತಟ್ಟಲಿಲ್ಲ. "ತಪ್ಪು ಬಟ್ಟೆಯಲ್ಲಿ ಬಿಟ್ಟೆ ಕಣೋ," ಎಂದಳು.

ಮುಂದಿನ ಊರಿನಲ್ಲಿ ಹಸಿರುಡುಪು ಇಸ್ತ್ರಿಯಾಗಿ ಕಾಯುತ್ತಿತ್ತು, ಪಕ್ಕದಲ್ಲಿ ಚಪ್ಪಲಿಯೂ ಡಬ್ಬಿಯೂ. ಬ್ರೆಡ್ಡನ್ನು ಯಾರೋ ತಿಂದಿದ್ದರು. ಆಟ ಮುಗಿದ ಮೇಲೆ ಸಾಲ್ಮೆಕ್ಕ ಎಲ್ಲಿಂದಲೋ ಸುತ್ತಿಗೆ, ಮೊಳೆ ತಂದು ಲಾರಿ ಹತ್ತಿದಳು.

"ಇದು ಬಾಡಿಗೆ ಲಾರಿ ಅಂತ ಹೇಳಪ್ಪಾ ಅವಳಿಗೆ," ಎಂದ ವೀಬೆ.

"ಏನಂತಾನೆ?" ಸಾಲ್ಮೆಕ್ಕ ನನ್ನನ್ನು ಕೇಳಿದಳು.

"ಎಲ್ಲಿ ಬೇಕಾದ್ರೂ ಹೊಡಿ ಅಂತಿದ್ದಾನೆ."

ಅವಳು ಲಾರಿಯ ಒಳಗೋಡೆಯ ಮರದ ಪಟ್ಟಿ ನೋಡಿ ಮೊಳೆ ಹೊಡೆದಳು. ವೀಬೆ ಸ್ವಲ್ಪ ಹೊತ್ತು ಅದನ್ನೇ ನೋಡಿ, ತನ್ನ ಟೋಪಿ ತೆಗೆದು ಅದಕ್ಕೆ ಸಿಕ್ಕಿಸಿದ. ಸಾಲ್ಮೆಕ್ಕ ಟೋಪಿಯನ್ನು ತೆಗೆದು ಅವನ ಕೈಗೇ ಕೊಟ್ಟಳು.

"ಇದು ಹಸಿರುಡುಪಿನ ಜಾಗ ಅಂತ ಹೇಳೋ."

ಅದನ್ನು ಮಾತ್ರ ಸರಿಯಾಗಿ ಹೇಳಿದೆ.