ಏರಿದ ಮನೆ ಇಳಿಯುವ ಬಗೆ

ಜಲವಿಜ್ಞಾನದಲ್ಲಿ ನೀರನ್ನು ತಡೆದು ಹೆಸರು ಮಾಡಿದವರಿದ್ದಾರೆ, ನೀರನ್ನು ತಿರುಗಿಸಿ ಬಿರುದು ಪಡೆದವರಿದ್ದಾರೆ. ನಮ್ಮ ಸಂಸ್ಥೆಯಿಂದ ಈಗ ನಿವೃತ್ತರಾಗುತ್ತಿರುವ ಹಿರಿಯ ವಿಜ್ಞಾನಿಗಳು ಮಾತ್ರ ಅಂಥವರ ಯೋಜನೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಇದು ಆಗುವ ಮಾತೇ ಎಂದು ನೋಡುವ ಕೆಲಸದಲ್ಲೇ ತಲೆ ನರೆಸಿಕೊಂಡವರು. ಎಂಥ ಭವ್ಯ ಕಲ್ಪನೆ ಬಂದರೂ ಕನ್ನಡಕವನ್ನು ಹಣೆಗೇರಿಸಿ, "ಏರೋದೇನೋ ಏರುತ್ತೆ, ಇಳಿಯೋದು ಹೇಗೆ?" ಎಂದು ಕೇಳುತ್ತಿದ್ದುದರಿಂದ ಅವರಿಗೆ 'ಇಳಿಯೋ ಸಾರ್' ಎಂಬ ಹೆಸರು ಬಿದ್ದಿತ್ತು. ಅದು ಅವರಿಗೂ ಗೊತ್ತಿತ್ತು.

ಸೇವೆಯ ಆರಂಭದಲ್ಲಿ ಈ ಪ್ರಶ್ನೆಯನ್ನು ಅವರು ತಮಗೇ ಕೇಳಿಕೊಂಡಿರಲಿಲ್ಲ. ಪ್ರಯೋಗಾಲಯದ ತೊಟ್ಟಿಯಲ್ಲಿ ಕಡಲಿನ ಬಿರುಗಾಳಿಯನ್ನು ಚಿಕ್ಕದಾಗಿ ಎಬ್ಬಿಸುವ ಯಂತ್ರವೊಂದನ್ನು ರೂಪಿಸಿ, ಅಲೆ ಮೊಣಕಾಲಿನ ಎತ್ತರ ದಾಟದೆಂದು ಲೆಕ್ಕ ಹಾಕಿ, ಗುಂಡಿ ಒತ್ತಿದರು. ಅಲೆ ತೊಟ್ಟಿಯನ್ನೇ ದಾಟಿ, ಕಾರಿಡಾರಿನಲ್ಲಿ ಹರಿದು, ನಿರ್ದೇಶಕರ ಕೋಣೆಗೆ ಹೇಳದೆ ಕೇಳದೆ ನುಗ್ಗಿತು. ಕುರ್ಚಿಯ ಮೇಲೆ ಕಾಲು ಮಡಿಚಿ ಕುಳಿತ ನಿರ್ದೇಶಕರು ತಮ್ಮ ಬೂಟು ತೇಲಿಹೋಗುವುದನ್ನು ನೋಡುತ್ತ, "ಇದು ಚಿಕ್ಕದೇನಪ್ಪಾ?" ಎಂದರಂತೆ.

"ಲೆಕ್ಕ ತಪ್ಪಾಗಿದೆ ಸಾರ್, ನಂದೇ. ಇರಿ, ಟೀ ಮಾಡ್ಕೊಂಡು ಬರ್ತೀನಿ" ಎಂದು ಇವರು ಒದ್ದೆ ಪ್ಯಾಂಟಿನಲ್ಲೇ ಒಲೆ ಹಚ್ಚಿದರು. ಯಾರ ಲೆಕ್ಕ ತಪ್ಪುತ್ತದೆಯೋ ಅವರು ಎಲ್ಲರಿಗೂ ಟೀ ಮಾಡಿಕೊಟ್ಟು, ತಪ್ಪನ್ನು ತಾವೇ ಬಾಯಿಬಿಟ್ಟು ಹೇಳಬೇಕೆಂಬ ಸಂಸ್ಥೆಯ ಪದ್ಧತಿ ಹುಟ್ಟಿದ್ದು ಹೀಗೆ.

ಟೀಪುಡಿಯನ್ನು ತಕ್ಕಡಿಯಲ್ಲಿ ತೂಗಿ, ಹಾಲನ್ನು ಗಾಜಿನ ಅಳತೆಪಾತ್ರೆಯಲ್ಲಿ ಅಳೆದು ಮಾನ್ಯರು ಮಾಡುತ್ತಿದ್ದ ಟೀಗೂ ತೊಟ್ಟಿಯ ನೀರಿಗೂ ಹೆಚ್ಚಿನ ವ್ಯತ್ಯಾಸ ಇರುತ್ತಿರಲಿಲ್ಲವೆಂದು ವಿನಯಪೂರ್ವಕವಾಗಿ ದಾಖಲಿಸಬೇಕು. ಅದನ್ನು ಕುಡಿಯಬೇಕಾದೀತೆಂಬ ಭಯಕ್ಕೇ ಸಹೋದ್ಯೋಗಿಗಳು ಅವರ ಒಂದೊಂದು ಲೆಕ್ಕವನ್ನೂ ಹೊರಬೀಳುವ ಮುನ್ನ ಮತ್ತೆ ಮತ್ತೆ ತಿದ್ದುತ್ತಿದ್ದರು. ಸಂಸ್ಥೆಯ ವರದಿಗಳಿಗೆ ಬಂದ ಕೀರ್ತಿಯಲ್ಲಿ ಆ ಟೀಯ ಪಾಲು ಸಣ್ಣದಲ್ಲ.

ಇಂಥವರ ಕೈಕೆಳಗೆ ಈ ಸಾಲುಗಳನ್ನು ಬರೆಯುತ್ತಿರುವವಳು ಬಂದು ಸೇರಿದಳು. ನೆರೆ ಬಂದಾಗ ತಾವರೆಯಂತೆ ಮೇಲೇಳುವ ಅರಮನೆಯ ಕಥೆಯನ್ನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕೇಳಿ ಬೆಳೆದ ಹುಡುಗಿ, ನದಿದಂಡೆಯ ಇಡೀ ಬೀದಿಯನ್ನೇ ತೇಲಿಸುವ ಯೋಜನೆ ಬರೆದಳು: ನೀರು ಏರಿದರೆ ಮನೆಗಳೂ ಏರಬೇಕು, ಇಳಿದರೆ ಇಳಿಯಬೇಕು.

"ಇದನ್ನ ಎಲ್ಲಿ ಓದಿದೆ ತಾಯಿ?"

"ಅಜ್ಜಿ ಹೇಳಿದ್ದು ಸಾರ್."

"ಇಳಿಯೋದು ಹೇಗೆ ಅಂತ ಹೇಳಿದ್ರಾ?"

"ಅಷ್ಟೊತ್ತಿಗೆ ನಂಗೆ ನಿದ್ದೆ ಬಂದ್ಬಿಡ್ತಿತ್ತು ಸಾರ್."

ತೊಟ್ಟಿಯಲ್ಲಿ ಆಟಿಕೆಯಷ್ಟು ಮನೆ ಅಂದವಾಗಿ ಎದ್ದಿತು. ಇಳಿಯುವಾಗ ತಳದಡಿ ಸಿಕ್ಕ ಕಲ್ಲೊಂದರ ಮೇಲೆ ಕೂತು ವಾಲಿಕೊಂಡಿತು. ಹುಡುಗಿ ಟೀ ಮಾಡಿದಳು. ಟೀ ಚೆನ್ನಾಗಿತ್ತು. "ಇದು ಅಪಾಯ" ಎಂದರು ಮಾನ್ಯರು, ಎರಡನೆಯ ಲೋಟಕ್ಕೆ ಕೈಚಾಚುತ್ತ, "ಇನ್ಮೇಲೆ ನಿನ್ನ ಲೆಕ್ಕ ತಪ್ಪಲಿ ಅಂತ ಎಲ್ಲರೂ ಕಾಯ್ತಾರೆ."

ನಿವೃತ್ತಿಯ ವಾರ ಬಂತು. ಅವರು 'ಅಸಾಧ್ಯ' ಎಂದು ಬರೆದುಹೋದರೆ ಮುಂದೆ ಬರುವವರು ಆ ಯೋಜನೆಯನ್ನು ತೆರೆದೂ ನೋಡುವವರಲ್ಲ. ಅವಳು ಮನೆ ಅತ್ತಿತ್ತ ಸರಿಯದೆ ಏರಿಳಿಯಲೆಂದು ಮೂಲೆಗಳಿಗೆ ಕಂಬ ನಿಲ್ಲಿಸಿ, ತಳಕ್ಕೆ ಕಲ್ಲುಕಸ ನುಗ್ಗದಂತೆ ಜಾಲರಿ ಕಟ್ಟಿದಳು. ಮನೆ ಎದ್ದಿತು, ನೆಟ್ಟಗೆ ಇಳಿಯಿತು. ಅದೇ ಉಮೇದಿನಲ್ಲಿ ಸಾಲಾಗಿ ಮನೆಗಳನ್ನಿಟ್ಟರೆ, ಒಂದಕ್ಕೆ ಬಡಿದ ಅಲೆ ತಿರುಗಿ ಪಕ್ಕದ್ದಕ್ಕೆ ಬಡಿದು, ಕಂಬಗಳು ವಾಲಿ, ಬೀದಿಗೆ ಬೀದಿಯೇ ಜಗಳಕ್ಕೆ ನಿಂತಿತು.

"ಸಾರ್, ಹೋಗೋ ಮುಂಚೆ 'ಆಗುತ್ತೆ' ಅಂತ ಒಂದು ಮಾತು ಬರೆದುಬಿಡಿ."

"ದಾಕ್ಷಿಣ್ಯಕ್ಕೆ ನೀರು ಇಳಿಯಲ್ಲ ತಾಯಿ."

ಮರುದಿನ ಅವರ ಅಭಿಪ್ರಾಯ ಬಂತು: 'ಒಂದು ಮನೆ ಸಾಧ್ಯ, ಕೂಡಲೇ ಕಟ್ಟಿ ನೋಡತಕ್ಕದ್ದು. ಇಡೀ ಬೀದಿ ನನ್ನ ಜೀವಮಾನದಲ್ಲಿ ಅಸಾಧ್ಯ.' ಕೆಳಗೆ, ಸಹಿಯ ಮಗ್ಗುಲಲ್ಲಿ: 'ನನ್ನ ಲೆಕ್ಕ ತಪ್ಪಿದರೆ ಟೀ ನನ್ನದು.'

ಮೊದಲ ಮನೆಗೆ ಈಗ ನದಿದಂಡೆಯಲ್ಲಿ ಪಾಯ ತೋಡುತ್ತಿದ್ದಾರೆ. ಅದರ ಪಕ್ಕದಲ್ಲೇ, ಯಾರೂ ಹೇಳದಿದ್ದರೂ, ಎರಡನೆಯದಕ್ಕೆ ಅವಳು ಗೂಟ ಹೊಡೆಸಿದ್ದಾಳೆ. ಬೀದಿ ಪೂರ್ತಿಯಾಗುವುದು ಯಾವಾಗಲೋ, ಯಾರ ಲೆಕ್ಕಕ್ಕೂ ಸಿಕ್ಕಿಲ್ಲ. ಆದ್ದರಿಂದ ಮಾನ್ಯರ ಜೀವಮಾನ ಆದಷ್ಟೂ ಉದ್ದವಾಗಲಿ, ಕನ್ನಡಕ ಹಣೆಗೇರುತ್ತಲೇ ಇರಲಿ, ಆ ಬೀದಿಯ ಕೊನೆಯ ಮನೆ ಎದ್ದು ಇಳಿದ ದಿನ ತಕ್ಕಡಿ ಹಿಡಿದು ಅವರೇ ಒಲೆಯ ಮುಂದೆ ನಿಲ್ಲುವಂತಾಗಲಿ. ಆ ಟೀಯನ್ನು ಒಂದು ಹನಿಯೂ ಬಿಡದೆ, ಮುಖ ಕಿವಿಚದೆ ಕುಡಿಯುವುದಾಗಿ ಅವಳು ಅವರ ಈ ಅಭಿನಂದನಾ ಸಂಪುಟದ ಸಾಕ್ಷಿಯಾಗಿ ಮಾತು ಕೊಡುತ್ತಾಳೆ.