ಬಲಗಾಲಿನ ಬ್ರೇಕು

ಸಮುದ್ರದ ಊರಿಗೆ ಐದು ತಾಸಿನ ದಾರಿ. ಅಷ್ಟರಲ್ಲಿ ಡ್ರೈವರಣ್ಣ ಮುನ್ನೂರು ಸಲವಾದರೂ ಬ್ರೇಕು ಒತ್ತಿರಬೇಕು. ಆ ಬಸ್ಸು ಅವನದಲ್ಲ, ಕಾಲಡಿ ಬ್ರೇಕೂ ಇರಲಿಲ್ಲ. ಅವನು ಹೆಂಡತಿಯ ಜೊತೆ ನಾಲ್ಕನೇ ಸಾಲಿನಲ್ಲಿ ಪ್ರಯಾಣಿಕನಾಗಿ ಕೂತಿದ್ದ. ಎದುರಿಗೆ ಲಾರಿ ಕಂಡಾಗಲೆಲ್ಲ ಬಲಗಾಲು ತಾನಾಗಿಯೇ ಮುಂದಿದ್ದ ಬಟ್ಟೆಯ ಚೀಲವನ್ನು ತುಳಿಯುತ್ತಿತ್ತು.

“ರೀ, ಅದರಲ್ಲಿ ಬಿಸ್ಕತ್ತಿದೆ. ಇಳಿಯೋ ಹೊತ್ತಿಗೆ ಹಿಟ್ಟಾಗಿರುತ್ತೆ,” ಎಂದಳು ಹೆಂಡತಿ.

“ಅವನನ್ನ ನೋಡು. ತಿರುವಲ್ಲಿ ಯಾರಾದ್ರೂ ಟಾಪ್ ಗೇರಲ್ಲಿ ಹೋಗ್ತಾರಾ?”

“ಅವನ ಬಸ್ಸು ಅವನು ಓಡಿಸ್ಕೊಳ್ಳಲಿ. ನೀವು ಟಿಕೆಟ್ ತಗೊಂಡಿರೋದು ಕೂರೋಕೆ.”

ಮುಂದಿನ ಸೀಟಿನಲ್ಲಿದ್ದ ಮಗ, ಸೊಸೆ ಇಬ್ಬರೂ ನಕ್ಕರು. ಸೊಸೆಯ ಹೆಗಲ ಮೇಲಿಂದ ಮೊಮ್ಮಗಳು ಇಣುಕಿದಳು. ತಾತನ ಮುಖ ಕಂಡದ್ದೇ ತಡ, ಮತ್ತೆ ತಾಯಿಯ ಕತ್ತಿನಲ್ಲಿ ಮುಖ ಹುದುಗಿಸಿದಳು.

ಡ್ರೈವರಣ್ಣನಿಗೆ ಇದ್ದದ್ದು ಅದೊಂದೇ ಚಿಂತೆ. ಮೂವತ್ತೊಂದು ವರ್ಷದಿಂದ ಅವನದು ನಸುಕಿನಲ್ಲೇ ಊರಿಂದ ಹೊರಡುವ ಮೊದಲ ಬಸ್ಸು. ಅವನು ಮನೆ ಬಿಡುವಾಗ ಮಗು ಎದ್ದಿರುವುದಿಲ್ಲ, ಮನೆ ಸೇರುವಾಗ ಮಲಗಿರುತ್ತದೆ. ವಾರದ ರಜೆಯಲ್ಲಿ ಎತ್ತಿಕೊಳ್ಳಹೋದರೆ ಚೀರಾಟ. ಒಂದು ವರ್ಷ ಎಂಟು ತಿಂಗಳ ಕೂಸಿಗೆ ಅವನು ತಾತನಲ್ಲ, ಆಗೊಮ್ಮೆ ಈಗೊಮ್ಮೆ ಮನೆಗೆ ಬಂದು ಜೋರಾಗಿ ಮಾತಾಡುವ ಯಾರೋ ಒಬ್ಬ. ದನಿಯೂ ಅಂಥದ್ದೇ. ಪಕ್ಕದಲ್ಲೇ ಇಂಜಿನ್ ಇಟ್ಟುಕೊಂಡು ಜೀವಮಾನವೆಲ್ಲ ಮಾತಾಡಿದವನಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಸಿಕ್ಕಿರುವ ಈ ನಾಲ್ಕು ದಿನದ ರಜೆಯಲ್ಲಿ ಮೊಮ್ಮಗಳು ಒಂದು ಸಲವಾದರೂ ತಾನಾಗಿಯೇ ತನ್ನ ಬಳಿ ಬರಬೇಕು ಎಂದು ಅವನು ಯಾರಿಗೂ ಹೇಳದೆ ಆಸೆ ಇಟ್ಟುಕೊಂಡಿದ್ದ.

ಮೊದಲ ದಿನ ಅಂಗಡಿಯಿಂದ ಹಳದಿ ಬಕೆಟ್ಟು, ಸಣ್ಣ ಸಲಿಕೆ ತಂದ. ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತು, “ಬಾರೇ ಪುಟಾಣಿ, ಏನು ತಂದಿದೀನಿ ನೋಡು!” ಎಂದ. ಗೋಡೆಗಳು ಗುಂಯ್‌ಗುಟ್ಟಿದವು. ಮಗು ಮಂಚದ ಸಂದಿಗೆ ಸರಿದು ಅಳತೊಡಗಿತು.

“ಇಲ್ಲಿ ಇಂಜಿನ್ ಇದೆಯಾ? ಆ ಗಂಟಲಿಗೊಂದು ಮುಚ್ಚಳ ಹಾಕಿಸ್ಬೇಕು,” ಎಂದು ಹೆಂಡತಿ ಬಕೆಟ್ಟನ್ನು ಕಿತ್ತುಕೊಂಡು ತಾನೇ ಕೊಟ್ಟಳು. ಮಗು ಅಜ್ಜಿಗೆ ಮುತ್ತು ಕೊಟ್ಟಿತು. ತಂದವನೊಬ್ಬ, ಮುತ್ತು ಪಡೆದವಳೊಬ್ಬಳು.

ಎರಡನೇ ದಿನ ಎಲ್ಲರೂ ದಡಕ್ಕೆ ಹೋದರು. ಮಗುವಿಗೆ ಮರಳು ಹಿಡಿಸಿತು, ಅಲೆ ಹಿಡಿಸಲಿಲ್ಲ. ದೂರದಲ್ಲಿ ನೊರೆ ಕಂಡರೆ ಸಾಕು, ಮರ ಹತ್ತುವಂತೆ ತಾಯಿಯ ಮೈ ಹತ್ತುತ್ತಿತ್ತು. ಸಂಜೆಯ ಹೊತ್ತಿಗೆ ಸೊಸೆಯ ತೋಳು ಸೋತುಹೋಯಿತು.

“ಇವಳಿಗೆ ಲೋಕದಲ್ಲಿ ಎರಡೇ ಭಯ,” ಎಂದ ಮಗ. “ಒಂದು ಸಮುದ್ರ, ಇನ್ನೊಂದು ನಮ್ಮಪ್ಪ.”

ಎಲ್ಲರೂ ನಕ್ಕರು. ಡ್ರೈವರಣ್ಣನೂ ನಕ್ಕ. ಆಮೇಲೆ ಚಪ್ಪಲಿಯಿಂದ ಮರಳು ಕೊಡವುವ ನೆಪ ಮಾಡಿಕೊಂಡು ಅಲ್ಲೇ ಸ್ವಲ್ಪ ಹೊತ್ತು ಹಿಂದೆ ಉಳಿದ.

ಮೂರನೇ ದಿನ ಅವನು ಯಾರ ಗೊಡವೆಯೂ ಬೇಡವೆಂದು ಪ್ಯಾಂಟು ಮಡಚಿಕೊಂಡು ನೀರಿನಂಚಿನಲ್ಲಿ ಒಬ್ಬನೇ ನಿಂತಿದ್ದ. ಡಿಪೋದಲ್ಲಿ ದಿನಾ ಸಂಜೆ ಬಸ್ಸುಗಳನ್ನು ಹಿಮ್ಮುಖವಾಗಿ ಗೋಡೆಗೆ ತಂದು ನಿಲ್ಲಿಸುತ್ತಾರೆ. ಹಿಂದೆ ನಿಂತು ದಾರಿ ತೋರಿಸುವವನು ಯಾವಾಗಲೂ ಇವನೇ. ಗೋಡೆಗೂ ಬಸ್ಸಿಗೂ ಗೇಣು ಉಳಿದಾಗ ಕೈಯೆತ್ತಿದರೆ ಮುಗಿಯಿತು, ಲೆಕ್ಕ ತಪ್ಪಿದ್ದಿಲ್ಲ. ಅಲೆ ಬರುವುದನ್ನು ನೋಡುತ್ತಿದ್ದಂತೆ ಅದೇ ಅಭ್ಯಾಸ ಬಾಯಿಗೆ ಬಂತು.

“ಬರ್ಲಿ... ಬರ್ಲಿ... ಬರ್ಲಿ... ಸಾಕು!”

ಅಲೆ ಅವನ ಹೆಬ್ಬೆರಳಿನಿಂದ ಒಂದು ಗೇಣು ದೂರದಲ್ಲಿ ನಿಂತು ಹಿಂದಕ್ಕೆ ಹೋಯಿತು.

“ಅಪ್ಪ, ಸಮುದ್ರಾನ ಡಿಪೋಗೆ ಹಾಕ್ತಿದ್ದೀಯಾ?” ಎಂದು ಮಗ ಹಿಂದಿನಿಂದ ಕೂಗಿದ. ಅಲೆಯ ಸದ್ದಿನಲ್ಲಿ ಅವನು ಗಂಟಲು ಹರಿಯುವಂತೆ ಕೂಗಬೇಕಾಯಿತು. ಅಲ್ಲಿ ಎಲ್ಲರದೂ ಅದೇ ಪಾಡು. ಡ್ರೈವರಣ್ಣನೊಬ್ಬನೇ ಎಂದಿನಂತೆ ಮಾತಾಡುತ್ತಿದ್ದ, ಅವನ ದನಿ ಅಲ್ಲಿ ಯಾರಿಗೂ ಜೋರೆನಿಸಲಿಲ್ಲ. ಮಗುವಿಗೂ ಅನಿಸಲಿಲ್ಲವೇನೋ. ಅದು ತಾಯಿಯ ಸೊಂಟದಿಂದ ಜಾರಿ, ಮರಳಿನಲ್ಲಿ ನಿಂತು, ಸಮುದ್ರಕ್ಕೆ ಅಪ್ಪಣೆ ಮಾಡುವ ಈ ಮನುಷ್ಯನನ್ನೇ ನೋಡುತ್ತಿತ್ತು.

“ಬರ್ಲಿ... ಬರ್ಲಿ... ಸಾಕು!”

“ತಾಕು!” ಎಂದಿತು ಮಗು, ಅಂಗೈ ಎತ್ತಿ.

ಡ್ರೈವರಣ್ಣ ತಿರುಗಿ ನೋಡಿದ, ಆದರೆ ಹತ್ತಿರ ಹೋಗಲಿಲ್ಲ. ಹೋದರೆ ಕೆಟ್ಟೀತು ಎಂದು ಅವನಿಗೆ ಈಗ ಗೊತ್ತಿತ್ತು. ಅಲೆಯನ್ನೇ ನೋಡುತ್ತ ಕರೆಯತೊಡಗಿದ. ಐದಾರು ಅಲೆ ಹೇಳಿದ ಮಾತು ಕೇಳಿದವು. ಏಳನೆಯದು ಕೇಳಲಿಲ್ಲ. “ಸಾಕು” ಎನ್ನುವಷ್ಟರಲ್ಲಿ ಸೊಂಟದವರೆಗೂ ತೋಯಿಸಿ, ಅವನನ್ನು ಕೂರಿಸಿಯೇ ಹೋಯಿತು.

“ಬ್ರೇಕ್ ಫೇಲು!” ಎಂದಳು ಹೆಂಡತಿ ಕೈತಟ್ಟಿ.

ಮಗು ಕೇಕೆ ಹಾಕಿ ನಕ್ಕಿತು. ನಗುತ್ತ ಎರಡು ಹೆಜ್ಜೆ ಮುಂದೆ ಬಂತು, ಇನ್ನೊಂದೆರಡು ಹೆಜ್ಜೆ. ಅವನು ಎದ್ದು ನಿಲ್ಲುವಷ್ಟರಲ್ಲಿ ಹಿಂದೆಯೇ ಇನ್ನೊಂದು ಅಲೆ ಬಂತು. ಮಗುವಿನ ನಗು ನಿಂತಿತು. ತಾಯಿ ನಾಲ್ಕಾರು ಹೆಜ್ಜೆ ಹಿಂದಿದ್ದಳು, ತಾತನ ಒದ್ದೆ ಕಾಲು ಪಕ್ಕದಲ್ಲೇ ಇತ್ತು. ಮಗು ಅದನ್ನೇ ತಬ್ಬಿಕೊಂಡಿತು.

ನೊರೆ ಹಿಂದಕ್ಕೆ ಸರಿಯಿತು. ಡ್ರೈವರಣ್ಣ ಅಲುಗದೆ ನಿಂತಿದ್ದ. ಮಗು ಮುಖ ಎತ್ತಿ ನೋಡಿ, ಎರಡೂ ಕೈ ಮೇಲೆ ಮಾಡಿತು.

“ಎತ್ಕೊಳ್ರೀ, ಯಾಕೆ ಕಂಬದ ಹಾಗೆ ನಿಂತಿದ್ದೀರಿ!” ಎಂದಳು ಹೆಂಡತಿ.

ಅವನು ಎತ್ತಿಕೊಂಡ.

ಮರುದಿನ ಬಸ್ಸು ಹತ್ತಿದ ಮೇಲೆ ಮಗು ತಾಯಿಯಿಂದ ಅಜ್ಜಿಗೆ, ಅಜ್ಜಿಯಿಂದ ತಾತನಿಗೆ ಸಾಗಿ, ಅವನ ಬಲತೊಡೆಯ ಮೇಲೆ ನಿದ್ದೆಹೋಯಿತು. ಬಸ್ಸು ತಿರುವಿನ ರಸ್ತೆಗೆ ಬಂತು. ಈ ಡ್ರೈವರನೂ ವೇಗ ಇಳಿಸಲಿಲ್ಲ. ಎದುರಿನಿಂದ ಲಾರಿ ಬಂತು. ಬಲಗಾಲು ಒತ್ತಲು ಹೊರಟು, ಅಲ್ಲೇ ನಿಂತಿತು. ಒತ್ತಿದರೆ ತೊಡೆ ಅಲುಗುತ್ತದೆ, ತೊಡೆ ಅಲುಗಿದರೆ ಮಗು ಏಳುತ್ತದೆ. ಲಾರಿ ಭರ್ರೆಂದು ಪಕ್ಕದಲ್ಲಿ ಹಾದುಹೋಯಿತು.

“ಏನ್ರೀ, ಲಾರಿ ಬಂತು. ಬ್ರೇಕ್ ಹಾಕಲಿಲ್ವಾ?” ಎಂದಳು ಹೆಂಡತಿ.

“ಅವನು ನೋಡ್ಕೋತಾನೆ ಬಿಡು,” ಎಂದ ಡ್ರೈವರಣ್ಣ. ಎಷ್ಟು ಮೆಲ್ಲಗೆ ಎಂದನೆಂದರೆ, ಅವಳು “ಏನಂದ್ರಿ?” ಎಂದು ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತರಬೇಕಾಯಿತು.